ಕೋರ್ ಎಣಿಸಿದರೆ ಸಾಲದು: ಮಿಶ್ರ ಗಣನೆಯ ಬ್ಲೇಡ್ ಸರ್ವರ್‌ಗಳು, ಒಂದು ಸಮೀಕ್ಷೆ

ಮುಂಗಾರು ಹಿಡಿಯುವ ಹೊತ್ತಿಗೆ ಸೊರಬ ತಾಲ್ಲೂಕಿನ ಜಡೆ ಸೀಮೆಯ ಅಡಿಕೆ ತೋಟದವರಿಗೆ ಬೇಕಾಗುವ ಉತ್ತರ ಸಣ್ಣದು. ಇವತ್ತು ಬೋರ್ಡೋ ದ್ರಾವಣ ಹೊಡೆದರೆ ಒಣಗುವಷ್ಟು ಹೊತ್ತು ಬಿಸಿಲು ಸಿಗುತ್ತದೆಯೇ, ಇಲ್ಲವೇ? ಮೈಲುತುತ್ತದ ದರ ಏರಿದೆ, ಮರ ಹತ್ತುವ ಆಳು ಸಿಗುವುದು ಅಪರೂಪ, ಒಂದು ಸುತ್ತು ಮಳೆಗೆ ತೊಳೆದುಹೋದರೆ ಕೊಳೆರೋಗ ಬಂದೇ ಬರುತ್ತದೆ. ಈ ಸಣ್ಣ ಉತ್ತರಕ್ಕಾಗಿ ನಡೆಯುವ ಲೆಕ್ಕ ಮಾತ್ರ ದೇಶದ ಅತಿ ದೊಡ್ಡ ಲೆಕ್ಕಗಳಲ್ಲಿ ಒಂದು.

ಹವಾಮಾನದ ಮಾದರಿ ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿಕೊಂಡು ಪ್ರತಿ ಚೌಕಕ್ಕೂ ಗಾಳಿ, ಉಷ್ಣತೆ, ತೇವಾಂಶಗಳ ಸಮೀಕರಣ ಬಿಡಿಸುತ್ತದೆ. ಮೊನ್ನೆಮೊನ್ನೆಯವರೆಗೆ ನಮ್ಮ ದೇಶದ ಮುಖ್ಯ ಮಾದರಿಯ ಚೌಕ ಸುಮಾರು 12 ಕಿಲೋಮೀಟರ್ ಅಗಲದ್ದಾಗಿತ್ತು. ಸೊರಬ ತಾಲ್ಲೂಕಿನ ವಿಸ್ತೀರ್ಣ ಸುಮಾರು 1,150 ಚದರ ಕಿಲೋಮೀಟರ್. ಅಂದರೆ ಇಡೀ ತಾಲ್ಲೂಕಿಗೆ ಎಂಟು ಚೌಕ. ಚಂದ್ರಗುತ್ತಿ ಕಡೆಯ ಮಳೆಗೂ ಶಿಕಾರಿಪುರದತ್ತ ಇಳಿಯುತ್ತ ಹೋದಂತೆ ಬೀಳುವ ಮಳೆಗೂ ಇರುವ ಅಂತರ ಬಲ್ಲವರಿಗೆ ಎಂಟು ಚೌಕ ಎಷ್ಟು ಒರಟು ಎಂದು ಹೇಳಬೇಕಿಲ್ಲ. 2025ರ ಮೇ 26ರಂದು ಚಾಲನೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಈ ಚೌಕವನ್ನು 6 ಕಿಲೋಮೀಟರಿಗೆ ಇಳಿಸಿತು. ಈಗ ತಾಲ್ಲೂಕಿಗೆ ಮೂವತ್ತೆರಡು ಚೌಕ. ಕೆಲಸ ಹೆಚ್ಚಿದ್ದು ನಾಲ್ಕು ಪಟ್ಟಲ್ಲ. ಚೌಕ ಅರ್ಧವಾದರೆ ಕಾಲದ ಹೆಜ್ಜೆಯೂ ಅರ್ಧವಾಗಬೇಕು, ಇಲ್ಲದಿದ್ದರೆ ಲೆಕ್ಕ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಎಂಟು ಪಟ್ಟು.

ಈ ಎಂಟು ಪಟ್ಟನ್ನು ಎಲ್ಲಿಂದ ತರುವುದು ಎಂಬುದೇ ಈ ಲೇಖನದ ವಿಷಯ. ತೆಳ್ಳನೆಯ ತಟ್ಟೆಗಳಂತೆ ರ್ಯಾಕಿನೊಳಗೆ ಜಾರಿ ಕೂರುವ ಬ್ಲೇಡ್ ಸರ್ವರ್‌ಗಳು, ಅವುಗಳ ಮೇಲೆ ಹತ್ತಾರು ಕೋರ್‌ಗಳ ಪ್ರೊಸೆಸರ್, ಪಕ್ಕದಲ್ಲಿ ಬೇರೆಯೇ ಜಾತಿಯ ವೇಗವರ್ಧಕ: ಈ ಮಿಶ್ರ ವಿನ್ಯಾಸ ಹೇಗಿರಬೇಕು ಎಂಬ ವಾದ ಇಪ್ಪತ್ತು ವರ್ಷದಿಂದ ನಡೆದಿದೆ. ಕರ್ನಾಟಕಕ್ಕೆ ಇದರಲ್ಲಿ ಒಂದು ಪಾಲಿದೆ. ಅದು ಸಾಮಾನ್ಯವಾಗಿ ಹೇಳುವುದಕ್ಕಿಂತ ಹಳೆಯದು.

1980ರ ದಶಕದ ನಡುವೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕಾಗಿದ್ದ ಕ್ರೇ ಸೂಪರ್‌ಕಂಪ್ಯೂಟರನ್ನು ಅಮೆರಿಕ ಕೊಡಲಿಲ್ಲ. ಹವಾಮಾನಕ್ಕೆಂದು ದೆಹಲಿಗೆ ಕಡಿಮೆ ಶಕ್ತಿಯ ಕ್ರೇ ಎಕ್ಸ್‌ಎಂಪಿ-14 ಬಂತು. ಈ ಕಥೆಯ ಮುಂದಿನ ಭಾಗವಾಗಿ ಎಲ್ಲರೂ ಹೇಳುವುದು 1988ರಲ್ಲಿ ಹುಟ್ಟಿದ ಸರ್ಕಾರಿ ಗಣಕ ಸಂಸ್ಥೆ ಸಿ-ಡ್ಯಾಕ್, 1991ರಲ್ಲಿ ಅದು ತಂದ ಸೂಪರ್‌ಕಂಪ್ಯೂಟರ್ ಪರಮ್ 8000. ಅದಕ್ಕೂ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ಓಡುತ್ತಿತ್ತು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ, ಯೋಜನೆಯ ಹಿಂದಿದ್ದವರು ಯು. ಎನ್. ಸಿನ್ಹಾ ಮತ್ತು ಸಂಗಡಿಗರು. ವಿಮಾನದ ರೆಕ್ಕೆಯ ಸುತ್ತ ಹರಿಯುವ ಗಾಳಿಯ ಲೆಕ್ಕ ಅವರಿಗೆ ತುರ್ತಾಗಿ ಬೇಕಿತ್ತು. ಪೇಟೆಯಲ್ಲಿ ಸಿಗುತ್ತಿದ್ದ ಇಂಟೆಲ್ 8086 ಪ್ರೊಸೆಸರಿನ ಜೊತೆಗೆ 8087 ಎಂಬ ಗಣಿತದ ಸಹಾಯಕ ಚಿಪ್ ಕೂಡಿಸಿದರು. ಮುಖ್ಯ ಪ್ರೊಸೆಸರ್ ಒಂದು, ಭಾರದ ಲೆಕ್ಕಕ್ಕೆ ಬೇರೊಂದು. ಇವತ್ತು ಮಿಶ್ರ ಗಣನೆ ಎಂದು ಕರೆಯುವುದರ ಬೀಜರೂಪ ಅದೇ ಎಂದರೆ ಹೆಚ್ಚು ಹೇಳಿದಂತಾಗದು.

ಫ್ಲೋಸಾಲ್ವರ್ ತಂಡ ಮುಂದಿನ ಪೀಳಿಗೆಗಳಲ್ಲಿ ಹವಾಮಾನ ಮಾದರಿಗಳತ್ತ ಹೊರಳಿತು. ಅವರು ತಲುಪಿದ ತೀರ್ಮಾನ ನನಗೆ ಇಂದಿಗೂ ಮುಖ್ಯವೆನಿಸುತ್ತದೆ. ಪ್ರೊಸೆಸರ್‌ಗಳು ಪರಸ್ಪರ ಮಾತಾಡುವುದರಲ್ಲೇ ಕಾಲ ಹೋಗುತ್ತಿದೆ, ಹಾಗಿದ್ದರೆ ಮಾತು ಸಾಗುವ ದಾರಿಯಲ್ಲೇ ಸ್ವಲ್ಪ ಲೆಕ್ಕ ಮುಗಿಸಿಬಿಡೋಣ ಎಂದು ‘ಫ್ಲೋಸ್ವಿಚ್’ ಕಟ್ಟಿದರು. ಸಂದೇಶವನ್ನು ದಾಟಿಸುವಾಗಲೇ ಅದರ ಮೇಲೆ ಗಣಿತ ಮಾಡುವ ಸ್ವಿಚ್ ಅದು. ಐಬಿಎಂನ ಬ್ಲೂಜೀನ್‌ನ ಮರದಾಕಾರದ ಜಾಲದಲ್ಲಿಯೂ ಇದೇ ವಿಚಾರ ಇತ್ತು, ಇವತ್ತಿನ ಇನ್ಫಿನಿಬ್ಯಾಂಡ್ ಸ್ವಿಚ್‌ಗಳು ಇದನ್ನೇ ದೊಡ್ಡ ಗುಣವಾಗಿ ಹೇಳಿಕೊಳ್ಳುತ್ತವೆ. ಬೆಂಗಳೂರಿನ ಈ ಕೆಲಸಕ್ಕೆ ಕನ್ನಡದಲ್ಲಿ ಸಿಕ್ಕ ಪ್ರಚಾರ ಅಷ್ಟಕ್ಕಷ್ಟೆ.

ಇನ್ನು ಬ್ಲೇಡ್‌ನ ಕಥೆ. 2001ರಲ್ಲಿ ಆರ್‌ಎಲ್‌ಎಕ್ಸ್ ಎಂಬ ಅಮೆರಿಕದ ಕಂಪನಿ ಮೂರು ಯೂನಿಟ್ ಎತ್ತರದ ಪೆಟ್ಟಿಗೆಯಲ್ಲಿ 24 ಬ್ಲೇಡ್‌ಗಳನ್ನು ನಿಲ್ಲಿಸಿ ಮಾರಿತು. ಒಂದು ರ್ಯಾಕಿಗೆ ಮುನ್ನೂರಕ್ಕೂ ಹೆಚ್ಚು ಸರ್ವರ್. ವೆಬ್ ಕಂಪನಿಗಳಿಗೆ ಜಾಗ ಉಳಿಸುವುದು ಅದರ ಉದ್ದೇಶ. ಮರುವರ್ಷ ಐಬಿಎಂ ಬ್ಲೇಡ್‌ಸೆಂಟರ್ ಬಂತು. ವಿದ್ಯುತ್, ಫ್ಯಾನ್, ಜಾಲ ಎಲ್ಲವೂ ಪೆಟ್ಟಿಗೆಗೆ ಸೇರಿದ್ದು, ಬ್ಲೇಡ್‌ಗೆ ಉಳಿಯುವುದು ಮುಖ್ಯವಾಗಿ ಪ್ರೊಸೆಸರ್ ಮತ್ತು ಮೆಮೊರಿ.

ಅದೇ ಹೊತ್ತಿಗೆ ಚಿಪ್ ಲೋಕದಲ್ಲಿ ಒಂದು ಬಾಗಿಲು ಮುಚ್ಚಿತು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜ್ ಇಳಿಸಿ ವೇಗ ಏರಿಸಬಹುದೆಂಬ ಡೆನ್ನಾರ್ಡ್ ನಿಯಮ 2005ರ ಆಸುಪಾಸಿನಲ್ಲಿ ಕೈಕೊಟ್ಟಿತು. ಇನ್ನಷ್ಟು ವೇಗವೆಂದರೆ ಇನ್ನಷ್ಟು ಬಿಸಿ ಎಂಬ ಸ್ಥಿತಿ. ಕಂಪನಿಗಳು ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಕೋರ್ ತುಂಬತೊಡಗಿದವು. ಬಹುಕೋರ್ ಯುಗವನ್ನು ಯಾರೂ ಆಸೆಪಟ್ಟು ತಂದದ್ದಲ್ಲ, ಬೇರೆ ದಾರಿ ಇರಲಿಲ್ಲ.

ಬ್ಲೇಡ್, ಬಹುಕೋರ್, ಮಿಶ್ರ ಗಣನೆ ಮೂರೂ ಒಟ್ಟಿಗೆ ಸೇರಿದ ಮೊದಲ ದೊಡ್ಡ ಪ್ರಯೋಗ ಅಮೆರಿಕದ ಲಾಸ್ ಅಲಾಮೋಸ್‌ನ ರೋಡ್‌ರನ್ನರ್. 2008ರ ಮೇ ತಿಂಗಳಲ್ಲಿ ಜಗತ್ತಿನಲ್ಲೇ ಮೊದಲು ಒಂದು ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ ದಾಟಿತು. ಅದರ ಘಟಕಕ್ಕೆ ‘ಟ್ರೈಬ್ಲೇಡ್’ ಎಂದು ಹೆಸರು: ಆಪ್ಟೆರಾನ್ ಪ್ರೊಸೆಸರ್‌ಗಳ ಒಂದು ಬ್ಲೇಡ್, ಅದಕ್ಕೆ ಅಂಟಿಕೊಂಡಂತೆ ಸೆಲ್ ಪ್ರೊಸೆಸರ್‌ಗಳ ಎರಡು ಬ್ಲೇಡ್. ಸೆಲ್ ಎಂದರೆ ಆಟದ ಯಂತ್ರ ಪ್ಲೇಸ್ಟೇಷನ್ 3ರ ಚಿಪ್ಪಿನ ಸುಧಾರಿತ ರೂಪ. ಕಾಗದದ ಮೇಲೆ ಅದ್ಭುತ. ಆದರೆ ಅದಕ್ಕೆ ಪ್ರೋಗ್ರಾಂ ಬರೆಯುವವರ ಪಾಡು ನಾಯಿಪಾಡು. ಎರಡು ಬಗೆಯ ಕೋರ್‌ಗಳಿಗೆ ಎರಡು ಬಗೆಯ ಕೋಡ್, ನಡುವೆ ದತ್ತಾಂಶ ಸಾಗಿಸುವ ಹೊಣೆಯೂ ಅವರದೇ. ಸೆಲ್ ವಂಶ ಅಲ್ಲಿಗೇ ನಿಂತಿತು, 2013ರ ಮಾರ್ಚ್‌ನಲ್ಲಿ ರೋಡ್‌ರನ್ನರನ್ನು ಆರಿಸಿದರು. ಐದೇ ವರ್ಷ.

ಬೆಂಗಳೂರಿಗೂ ಇಂಥದೇ ಪಾಠ ಬೇರೆ ರೂಪದಲ್ಲಿ ಬಂತು. ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ 2015ರಲ್ಲಿ ‘ಸಹಸ್ರಟಿ’ ಹೆಸರಿನ ಕ್ರೇ ಎಕ್ಸ್‌ಸಿ40 ನಿಂತಿತು. (ಮೂವತ್ತು ವರ್ಷದ ಹಿಂದೆ ಸಿಗದಿದ್ದ ಕ್ರೇ ಕೊನೆಗೂ ಬಂದದ್ದು ಹೀಗೆ, ಕಾಸು ಕೊಟ್ಟರೆ ಯಾರಾದರೂ ಮಾರುವ ಕಾಲದಲ್ಲಿ.) ಅದರಲ್ಲಿ ಒಂದು ಬ್ಲೇಡಿಗೆ ನಾಲ್ಕು ನೋಡ್, ಅಂದರೆ ತಮ್ಮದೇ ಪ್ರೊಸೆಸರ್, ಮೆಮೊರಿ ಇರುವ ನಾಲ್ಕು ಗಣಕ. ಮಾಮೂಲಿ ನೋಡ್‌ಗಳು 1,376, ತಲಾ 24 ಕೋರ್, ಒಟ್ಟು 33,024. ಇವುಗಳ ಪಕ್ಕ ಎರಡು ಜಾತಿಯ ವೇಗವರ್ಧಕ: 44 ನೋಡ್‌ಗಳಲ್ಲಿ ಎನ್‌ವಿಡಿಯಾ ಕೆ40 ಜಿಪಿಯು, 48 ನೋಡ್‌ಗಳಲ್ಲಿ ಇಂಟೆಲ್‌ನ ಝಿಯಾನ್ ಫೈ. ಎರಡು ಕುದುರೆಗಳ ಮೇಲೂ ಸ್ವಲ್ಪ ಸ್ವಲ್ಪ ಹಣ ಕಟ್ಟಿದ ಹಾಗೆ. ಕೆಲವೇ ವರ್ಷಗಳಲ್ಲಿ ಇಂಟೆಲ್ ಝಿಯಾನ್ ಫೈ ಸಾಲನ್ನೇ ನಿಲ್ಲಿಸಿತು. ಅದಕ್ಕೆಂದು ತಿದ್ದಿದ ಕೋಡ್ ಬರೆದವರಿಗೆ ಉಳಿದದ್ದು ಅನುಭವ. ಯಾರನ್ನೂ ದೂರುವಂತಿಲ್ಲ, ಆ ಹೊತ್ತಿಗೆ ಚೀನಾದ ಟಿಯಾನ್ಹೆ-2 ಎಂಬ ಜಗತ್ತಿನ ಒಂದನೇ ಯಂತ್ರವೇ ಝಿಯಾನ್ ಫೈ ಮೇಲೆ ನಿಂತಿತ್ತು.

2022ರ ಫೆಬ್ರುವರಿಯಲ್ಲಿ ಅದೇ ಆವರಣಕ್ಕೆ ‘ಪರಮ್ ಪ್ರವೇಗ’ ಬಂತು. ಇದು 2015ರಲ್ಲಿ 4,500 ಕೋಟಿ ರೂಪಾಯಿಗೆ ಮಂಜೂರಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನ ಫಲ. ಆ ಮಿಷನ್ ನಡೆಸುವವರು ಸಿ-ಡ್ಯಾಕ್ ಮತ್ತು ವಿಜ್ಞಾನ ಸಂಸ್ಥೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ‘ಪರಮ್ ಯುಕ್ತಿ’, ಬೆಂಗಳೂರು ಸಿ-ಡ್ಯಾಕ್‌ನ ‘ಪರಮ್ ಉತ್ಕರ್ಷ’ ಕೂಡ ಇದೇ ಮನೆತನದವು. ಪ್ರವೇಗದ ಘೋಷಿತ ಶಕ್ತಿ 3.3 ಪೆಟಾಫ್ಲಾಪ್. ಈ ಅಂಕಿ ಎಲ್ಲಿಂದ ಬಂತೆಂದು ಬಿಡಿಸಿ ನೋಡಿದರೆ ಮಿಶ್ರ ವಿನ್ಯಾಸದ ಒಳಗುಟ್ಟು ಕಾಣುತ್ತದೆ.

ಒಟ್ಟು 624 ಗಣನ ನೋಡ್. ಅದರಲ್ಲಿ 584 ಬರೀ ಪ್ರೊಸೆಸರಿನವು, ತಲಾ 48 ಕೋರ್, 2.9 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 290 ಕೋಟಿ ಬಡಿತ. ಈ ಇಂಟೆಲ್ ಕೋರ್ ಒಂದೊಂದು ಬಡಿತಕ್ಕೆ ಹೆಚ್ಚೆಂದರೆ 32 ಲೆಕ್ಕ ಮಾಡಬಲ್ಲದು. ಗುಣಿಸಿದರೆ ಸುಮಾರು 2.6 ಪೆಟಾಫ್ಲಾಪ್. ಉಳಿದ 40 ನೋಡ್‌ಗಳಲ್ಲಿ ತಲಾ ಎರಡು ವಿ100 ಜಿಪಿಯು, ಒಂದೊಂದು 7.8 ಟೆರಾಫ್ಲಾಪ್ (ಸಾವಿರ ಟೆರಾಫ್ಲಾಪ್ ಒಂದು ಪೆಟಾಫ್ಲಾಪ್). ಅವುಗಳ ಸ್ವಂತ ಪ್ರೊಸೆಸರ್ ಸೇರಿಸಿ ಮುಕ್ಕಾಲು ಪೆಟಾಫ್ಲಾಪ್. ನೋಡ್‌ಗಳ ಎಣಿಕೆಯಲ್ಲಿ ನೂರಕ್ಕೆ ಆರೂವರೆ ಇರುವ ಮಿಶ್ರ ನೋಡ್‌ಗಳು ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತೆರಡು ಪಾಲು ಹೊರುತ್ತಿವೆ. ಸಹಸ್ರಟಿಯಲ್ಲಿ ವೇಗವರ್ಧಕಗಳ ಪಾಲು ಇದೇ ಬಗೆಯ ಲೆಕ್ಕದಲ್ಲಿ ನೂರಕ್ಕೆ ಎಂಟನ್ನೂ ಮುಟ್ಟುವುದಿಲ್ಲ. ಏಳು ವರ್ಷದಲ್ಲಿ ತಕ್ಕಡಿ ಎತ್ತ ವಾಲಿತೆಂಬುದು ಸ್ಪಷ್ಟ.

ಇಷ್ಟು ಕೇಳಿದವರು ಎಲ್ಲವನ್ನೂ ಜಿಪಿಯು ಮಾಡಿಬಿಡಬಹುದಲ್ಲ ಎನ್ನುತ್ತಾರೆ. ಇಲ್ಲಿ ನಿಧಾನಿಸಬೇಕು. ಮೇಲಿನದೆಲ್ಲ ಗರಿಷ್ಠ ಶಕ್ತಿಯ ಮಾತು. ಆ ಶಕ್ತಿಗೆ ಮೇವು ಹಾಕುವುದು ಮೆಮೊರಿ. ಪ್ರವೇಗದ ಮಾಮೂಲಿ ನೋಡಿನಲ್ಲಿ ಎರಡು ಪ್ರೊಸೆಸರ್, ಒಂದೊಂದಕ್ಕೆ ಆರು ಮೆಮೊರಿ ಕಾಲುವೆ, ಒಟ್ಟಿಗೆ ಸೆಕೆಂಡಿಗೆ ಸುಮಾರು 280 ಗಿಗಾಬೈಟ್ ಹರಿವು. ಲೆಕ್ಕ ಮಾಡುವ ಶಕ್ತಿ 4,450 ಗಿಗಾಫ್ಲಾಪ್. ಎಂಟು ಬೈಟಿನ ಒಂದು ಸಂಖ್ಯೆ ಮೆಮೊರಿಯಿಂದ ಬರುವಷ್ಟರಲ್ಲಿ ನೋಡ್ 126 ಲೆಕ್ಕ ಮಾಡಿ ಮುಗಿಸಬಲ್ಲದು. ಆದರೆ ಹವಾಮಾನದ ಕೋಡ್ ತಂದ ಸಂಖ್ಯೆಯ ಮೇಲೆ ಮಾಡುವ ಕೆಲಸ ಬೆರಳೆಣಿಕೆಯಷ್ಟು. ಮಿಕ್ಕ ಹೊತ್ತು ಕೋರ್‌ಗಳು ಕೈಕಟ್ಟಿ ಕೂರುತ್ತವೆ. ಅಡಿಕೆ ಸುಲಿಯುವ ಅಂಗಳದಲ್ಲಿ ನಲವತ್ತೆಂಟು ಜನರನ್ನು ಕೂರಿಸಿ ತೋಟದಿಂದ ಗೊನೆ ತರಲು ಒಂದೇ ತಳ್ಳುಗಾಡಿ ಇಟ್ಟರೆ ಆಗುವುದು ಇದೇ. ಇನ್ನೂ ನಾಲ್ಕು ಸುಲಿಯುವವರನ್ನು ಕರೆದರೆ ಕೂಲಿ ಏರುತ್ತದೆಯೇ ಹೊರತು ಕೆಲಸ ಸಾಗುವುದಿಲ್ಲ.

ವಿ100 ಈ ವಿಷಯದಲ್ಲಿ ಮೇಲು. ಅದರ ಚಿಪ್ಪಿನ ಪಕ್ಕದಲ್ಲೇ ಅಂತಸ್ತು ಅಂತಸ್ತಾಗಿ ಪೇರಿಸಿದ ಎಚ್‌ಬಿಎಂ ಮೆಮೊರಿ ಇದೆ, ಹರಿವು ಸೆಕೆಂಡಿಗೆ 900 ಗಿಗಾಬೈಟ್. ಮೇಲಿನ 126 ಇಲ್ಲಿ 69ಕ್ಕೆ ಇಳಿಯುತ್ತದೆ. ಆದರೆ ದತ್ತಾಂಶ ಹುಟ್ಟುವುದು ಪ್ರೊಸೆಸರಿನ ಮೆಮೊರಿಯಲ್ಲಿ, ಅಲ್ಲಿಂದ ಜಿಪಿಯುಗೆ ದಾಟಬೇಕಾದ ಪಿಸಿಐ ಸೇತುವೆ ಆ ಪೀಳಿಗೆಯಲ್ಲಿ ಒಂದು ದಿಕ್ಕಿಗೆ 16 ಗಿಗಾಬೈಟಿನದು. ಒಳಗೆ 900, ಬಾಗಿಲಲ್ಲಿ 16. ಹೆಜ್ಜೆಗೊಮ್ಮೆ ಈ ಬಾಗಿಲು ದಾಟುವ ಕೋಡ್ ಜಿಪಿಯು ಮೇಲೆ ಮೊದಲಿಗಿಂತ ನಿಧಾನವಾಗಿ ಓಡಿದರೂ ಆಶ್ಚರ್ಯವಿಲ್ಲ. ಇಡೀ ಮಾದರಿಯನ್ನು ಒಳಕ್ಕೆ ಒಯ್ದು ಅಲ್ಲೇ ನೆಲೆಗೊಳಿಸಿದರೆ ಮಾತ್ರ ಲಾಭ. ಸ್ವಿಟ್ಜರ್‌ಲೆಂಡಿನ ಹವಾಮಾನ ಇಲಾಖೆ ಹಾಗೆಯೇ ಮಾಡಿತು. ವರ್ಷಗಟ್ಟಲೆ ಕೂತು ಕಾಸ್ಮೋ ಮಾದರಿಯನ್ನು ತಿದ್ದಿ ಬರೆದು 2016ರಲ್ಲಿ ದಿನನಿತ್ಯದ ಮುನ್ಸೂಚನೆಯನ್ನು ಜಿಪಿಯು ಮೇಲೆ ತಂದಿತು, ರಾಷ್ಟ್ರೀಯ ಹವಾಮಾನ ಸೇವೆಗಳಲ್ಲಿ ಮೊದಲಿಗೆ. ನಮ್ಮಲ್ಲಿ ಹವಾಮಾನಕ್ಕೆಂದೇ 2024ರ ಸೆಪ್ಟೆಂಬರ್ 26ರಂದು ಉದ್ಘಾಟನೆಯಾದ ಪುಣೆಯ ‘ಅರ್ಕ’ 11.77 ಪೆಟಾಫ್ಲಾಪಿನದು, ನೊಯ್ಡಾದ ‘ಅರುಣಿಕಾ’ 8.24ರದು. ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ 1.9 ಪೆಟಾಫ್ಲಾಪಿನ ಬೇರೆಯೇ ಯಂತ್ರ. ಹವಾಮಾನದ ಲೆಕ್ಕ, ಕೃತಕ ಬುದ್ಧಿಮತ್ತೆ ಎರಡನ್ನೂ ಒಂದೇ ಬ್ಲೇಡಿನಲ್ಲಿ ಬೆಸೆಯದೆ ದೂರ ಇಟ್ಟದ್ದನ್ನು ಹಿಂದುಳಿದ ವಿನ್ಯಾಸ ಎಂದು ಟೀಕಿಸಬಹುದು. ನನಗೆ ಅದು ವಿವೇಕ ಎನಿಸುತ್ತದೆ. ಇರುವ ಕೋಡ್‌ಗೆ ತಕ್ಕ ಯಂತ್ರ ಕೊಂಡಿದ್ದಾರೆ.

ದತ್ತಾಂಶದ ದಾರಿ ಒಂದಾಯಿತು. ಬಿಸಿಯ ದಾರಿ ಇನ್ನೊಂದು. ಪ್ರವೇಗ ಅಟೋಸ್ ಕಂಪನಿಯ ಬುಲ್‌ಸೀಕ್ವಾನಾ ಎಕ್ಸ್‌ಎಚ್2000 ವಂಶದ್ದು. ಈ ವಂಶದ ಪ್ರೊಸೆಸರ್ ಬ್ಲೇಡ್ ಒಂದು ಯೂನಿಟ್ ಎತ್ತರ, ಅಂದರೆ ನಾಲ್ಕೂವರೆ ಸೆಂಟಿಮೀಟರಿಗೂ ತುಸು ಕಡಿಮೆ. ಅಷ್ಟರಲ್ಲಿ ಮೂರು ನೋಡ್, ಆರು ಪ್ರೊಸೆಸರ್. ಪ್ರವೇಗದ ಪ್ರೊಸೆಸರ್ ಒಂದೊಂದು 205 ವ್ಯಾಟಿನದು. ಇಂಥ ಆರಕ್ಕೆ 1,230 ವ್ಯಾಟ್. ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ ಉಗುಳುವ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಮೇಲೆ ಫ್ಯಾನಿನ ಗಾಳಿ ಸೋಲುತ್ತದೆ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖ ಹೊರಬಲ್ಲದು. ಹಾಗಾಗಿ ಪ್ರವೇಗದ ಗಣನ ರ್ಯಾಕ್‌ಗಳಲ್ಲಿ ನೀರಿನ ಕೊಳವೆಗಳು ಚಿಪ್ಪಿನ ಬೆನ್ನಿಗೇ ತಾಗಿದ ತಟ್ಟೆಗಳವರೆಗೆ ಬರುತ್ತವೆ. ತಣ್ಣೀರು ಬೇಕೆಂದೂ ಇಲ್ಲ, ಉಗುರುಬೆಚ್ಚಗಿನದೂ ನಡೆಯುತ್ತದೆ. ಚಿಪ್ ಇನ್ನೂ ಬಿಸಿ ಇರುವುದರಿಂದ ಶಾಖ ಹರಿದೇ ಹರಿಯುತ್ತದೆ. ದೊಡ್ಡ ಚಿಲ್ಲರ್ ಯಂತ್ರ ಓಡಿಸುವ ಕರೆಂಟು ಉಳಿಯುತ್ತದೆ.

ಕರೆಂಟಿನ ಅಂದಾಜಿಗೆ ನೆರೆಯ ಸಾಗರ ತಾಲ್ಲೂಕನ್ನೇ ನೋಡಬಹುದು. ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 139.2 ಮೆಗಾವ್ಯಾಟ್. 2022ರಲ್ಲಿ ಎಕ್ಸಾಫ್ಲಾಪ್ (ಸಾವಿರ ಪೆಟಾಫ್ಲಾಪ್) ಗೆರೆ ದಾಟಿದ ಅಮೆರಿಕದ ಫ್ರಾಂಟಿಯರ್ ಒಂದೇ ಯಂತ್ರ 21 ಮೆಗಾವ್ಯಾಟ್ ನುಂಗಿತು. ಜೋಗದ ಕೇಂದ್ರ ಪೂರ್ತಿ ಓಡಿದರೂ ಇಂಥ ಆರು ಯಂತ್ರಗಳ ಮೇಲೆ ಏಳನೆಯದಕ್ಕೆ ಸಾಲದು. ಮಿಶ್ರ ವಿನ್ಯಾಸ ಗೆದ್ದಿರುವುದು ಮುಖ್ಯವಾಗಿ ಈ ಅಂಗಳದಲ್ಲಿ. ಒಂದು ವ್ಯಾಟಿಗೆ ಎಷ್ಟು ಲೆಕ್ಕ ಎಂದು ಕೇಳಿದರೆ ಜಿಪಿಯು ಮುಂದೆ ಮಾಮೂಲಿ ಪ್ರೊಸೆಸರ್ ನಿಲ್ಲುವುದಿಲ್ಲ. ಫ್ರಾಂಟಿಯರ್ ನೋಡ್‌ನಲ್ಲಿ 64 ಕೋರಿನ ಒಂದು ಪ್ರೊಸೆಸರಿಗೆ ನಾಲ್ಕು ಜಿಪಿಯು. 2024ರ ಎಲ್ ಕ್ಯಾಪಿಟನ್ ಇನ್ನೂ ಒಂದು ಹೆಜ್ಜೆ ಹೋಗಿ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕೂಡಿಸಿ ಮೆಮೊರಿಯನ್ನು ಒಟ್ಟಾಗಿಸಿತು. 900 ಮತ್ತು 16ರ ನಡುವಿನ ಆ ಬಾಗಿಲೇ ಅಲ್ಲಿ ಇಲ್ಲ. ರೋಡ್‌ರನ್ನರ್ ಮೂರು ಬ್ಲೇಡ್‌ಗಳಲ್ಲಿ ಹರಡಿದ್ದನ್ನು ಹದಿನಾರು ವರ್ಷದ ನಂತರ ಅಂಗೈಯಗಲಕ್ಕೆ ತಂದಂತಾಯಿತು.

ಆದರೂ ಒಂದು ಅಂಕಿ ಈ ಉತ್ಸಾಹಕ್ಕೆ ಮೂಗುದಾರ ಹಾಕುತ್ತದೆ. ಸೂಪರ್‌ಕಂಪ್ಯೂಟರ್‌ಗಳ ಪಟ್ಟಿ ತಯಾರಾಗುವುದು ಲಿನ್‌ಪ್ಯಾಕ್ ಎಂಬ ಪರೀಕ್ಷೆಯ ಮೇಲೆ. ತಂದ ಸಂಖ್ಯೆಯನ್ನು ಮತ್ತೆ ಮತ್ತೆ ಬಳಸುವ ಕಾರಣ ಅದು ಯಂತ್ರಕ್ಕೆ ಸುಲಭದ ಪರೀಕ್ಷೆ. ನಿಜವಾದ ವಿಜ್ಞಾನದ ಕೋಡ್‌ಗೆ ಹತ್ತಿರದ್ದು ಎಚ್‌ಪಿಸಿಜಿ. ಲಿನ್‌ಪ್ಯಾಕ್‌ನಲ್ಲಿ 1,102 ಪೆಟಾಫ್ಲಾಪ್ ತೋರಿಸಿದ ಫ್ರಾಂಟಿಯರ್ ಎಚ್‌ಪಿಸಿಜಿಯಲ್ಲಿ ತೋರಿಸಿದ್ದು 14. ನೂರಕ್ಕೆ ಒಂದೂಕಾಲು. ಜಪಾನಿನ ಫುಗಾಕು 442ಕ್ಕೆ 16, ಅಂದರೆ ನೂರಕ್ಕೆ ಮೂರೂವರೆಗೂ ಹೆಚ್ಚು. ಲಿನ್‌ಪ್ಯಾಕ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಇರುವ ಯಂತ್ರ ಕಷ್ಟದ ಪರೀಕ್ಷೆಯಲ್ಲಿ ಮುಂದೆ. ಫುಗಾಕುವಿನಲ್ಲಿ ಜಿಪಿಯುವೇ ಇಲ್ಲ. ಆರ್ಮ್ ವಂಶದ 48 ಕೋರಿನ ಪ್ರೊಸೆಸರ್, ಪಕ್ಕದಲ್ಲೇ ಎಚ್‌ಬಿಎಂ, ಹರಿವು ಸೆಕೆಂಡಿಗೆ 1,024 ಗಿಗಾಬೈಟ್. ನಮ್ಮ 126, 69ರ ಲೆಕ್ಕ ಅಲ್ಲಿ ಸುಮಾರು 24.

ಪ್ರೋಗ್ರಾಂ ಬರೆಯುವವರೂ ಸುಮ್ಮನೆ ಕೂತಿಲ್ಲ. ಯುರೋಪಿನ ಮಧ್ಯಾವಧಿ ಮುನ್ಸೂಚನಾ ಕೇಂದ್ರ 2021ರಲ್ಲಿ ತನ್ನ ಮಾದರಿಯ ಬಹುಪಾಲು ಲೆಕ್ಕವನ್ನು ಎಂಟು ಬೈಟಿನ ಸಂಖ್ಯೆಗಳಿಂದ ನಾಲ್ಕು ಬೈಟಿಗೆ ಇಳಿಸಿತು. ಅದೇ ದಾರಿಯಲ್ಲಿ ಸಂಖ್ಯೆಗಳು ಎರಡರಷ್ಟು ಸಾಗತೊಡಗಿದವು, ಮುನ್ಸೂಚನೆ ಕೆಡಲಿಲ್ಲ. ಉಳಿದ ಸಮಯದಲ್ಲಿ ವಾತಾವರಣದ ಪದರಗಳನ್ನು 91ರಿಂದ 137ಕ್ಕೆ ಏರಿಸಿದರು. ಹೊಸ ಬ್ಲೇಡ್ ಒಂದನ್ನೂ ಕೊಳ್ಳದೆ ಸಿಕ್ಕ ಲಾಭ ಇದು. ಇನ್ನೊಂದು ಕಡೆ, ಕೃತಕ ಬುದ್ಧಿಮತ್ತೆಯ ಪೇಟೆಗೆಂದು ತಯಾರಾಗುವ ಹೊಸ ಜಿಪಿಯುಗಳು ಎಂಟು ಬೈಟಿನ ಲೆಕ್ಕಕ್ಕೆ ಕೊಡುವ ಜಾಗ ಕಿರಿದಾಗುತ್ತಿದೆ. ಪೇಟೆ ಯಾರಿಗಾಗಿ ಚಿಪ್ ಮಾಡುತ್ತಿದೆ ಎಂಬ ಪ್ರಶ್ನೆಯನ್ನು ಹವಾಮಾನದವರು, ವಿಮಾನದವರು ಈಗಲೇ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಹಿನ್ನೆಲೆಯಲ್ಲಿ ಸಿ-ಡ್ಯಾಕ್‌ನ ‘ರುದ್ರ’ ಸರ್ವರನ್ನು ನೋಡಿದರೆ ಅದರ ಸಾದಾತನ ಅರ್ಥವಾಗುತ್ತದೆ. ಎರಡು ಪ್ರೊಸೆಸರ್ ಕೂರುವ, ಬೇಕಾದರೆ ಜಿಪಿಯು ಸೇರಿಸಿಕೊಳ್ಳಬಹುದಾದ, ದೇಶದಲ್ಲೇ ವಿನ್ಯಾಸಗೊಂಡ ಬೋರ್ಡ್ ಅದು. ಪುಣೆ, ದೆಹಲಿ, ಕೋಲ್ಕತ್ತಗಳ ಮೂರು ಪರಮ್ ರುದ್ರ ಯಂತ್ರಗಳು ಅರ್ಕದ ಜೊತೆ ಅದೇ ದಿನ ಉದ್ಘಾಟನೆಯಾದವು, ವೆಚ್ಚ 130 ಕೋಟಿ. ಜಗತ್ತಿನ ಅತಿ ಸಾಂದ್ರ ಬ್ಲೇಡ್‌ಗಳ ಮುಂದೆ ಇದು ಏನೂ ಅಲ್ಲ. ಪ್ರೊಸೆಸರ್ ಇನ್ನೂ ಹೊರಗಿನದೇ. ಆದರೆ ವಿದ್ಯುತ್, ಶಾಖ, ಸಂಕೇತಗಳ ದಾರಿಗಳನ್ನು ಬೋರ್ಡಿನ ಮೇಲೆ ಎಳೆಯುವ ಕೈಚಳಕ ಕೊಂಡು ತರುವಂಥದಲ್ಲ. ಸಿ-ಡ್ಯಾಕ್ ತನ್ನದೇ ‘ತ್ರಿನೇತ್ರ’ ಜಾಲವನ್ನೂ ಕಟ್ಟುತ್ತಿದೆ. ಫ್ಲೋಸ್ವಿಚ್ ನೆನಪಿದ್ದವರಿಗೆ ಅದು ಅನಾಥ ಪ್ರಯತ್ನ ಎನಿಸದು.

ಮುಂದಿನದು ‘ಔಮ್’. 2023ರಲ್ಲಿ ಸಿ-ಡ್ಯಾಕ್ ವಿವರ ಬಿಟ್ಟುಕೊಟ್ಟ ಈ ಪ್ರೊಸೆಸರಿನ ವಿನ್ಯಾಸದಲ್ಲಿ ಆರ್ಮ್ ವಂಶದ 96 ಕೋರ್‌ಗಳಿವೆ. ಪತ್ರಿಕೆಗಳು ಎತ್ತಿ ಬರೆದದ್ದು ಆ 96ನ್ನು. ಅದೇ ವಿವರದಲ್ಲಿ ಎಚ್‌ಬಿಎಂ ಮೆಮೊರಿಯೂ ಇತ್ತು, ಸಾಮಾನ್ಯ ಡಿಡಿಆರ್5 ಕೂಡ. ಅಂದರೆ ವಿನ್ಯಾಸಕಾರರು ಫುಗಾಕುವಿನ ದಾರಿ ಹಿಡಿದಿದ್ದಾರೆ, ಮೆಮೊರಿಯ ದಾರಿಯನ್ನು ಹಿಗ್ಗಿಸಲು ಹೊರಟಿದ್ದಾರೆ. ಆ ಚಿಪ್ ಬೋರ್ಡಿನ ಮೇಲೆ ಕೂತ ದಿನ ಮೊದಲು ಓಡಿಸಬೇಕಾದ್ದು ಲಿನ್‌ಪ್ಯಾಕ್ ಅಲ್ಲ, 6 ಕಿಲೋಮೀಟರ್ ಚೌಕದ ಮಳೆಯ ಮಾದರಿ. ಒಂದು ದಿನದ ಮುನ್ಸೂಚನೆಗೆ ಎಷ್ಟು ನಿಮಿಷ ಹಿಡಿಯಿತು, ಎಷ್ಟು ಯೂನಿಟ್ ಕರೆಂಟು ಹೋಯಿತು ಎಂಬ ಎರಡು ಅಂಕಿಗಳನ್ನು ಪ್ರಕಟಿಸಿದರೆ ಸಾಕು, ಪೆಟಾಫ್ಲಾಪ್ ಎಷ್ಟೆಂದು ಯಾರೂ ಕೇಳುವುದಿಲ್ಲ.